ಪಕ್ಕೆಲುಬು ಎಣಿಸುವುದು ಎರಡರಿಂದ: ಎದೆಗೂಡನ್ನೂ ಅದರ ಸ್ನಾಯುಗಳನ್ನೂ ಬೆರಳಲ್ಲೇ ಗುರುತಿಸುವ ಬಗೆ

ಎದೆಯ ಚಿಕ್ಕ ಸ್ನಾಯು ಪೆಕ್ಟೊರಾಲಿಸ್ ಮೈನರ್ ಯಾವ ಪಕ್ಕೆಲುಬುಗಳಿಂದ ಹೊರಡುತ್ತದೆ ಎಂದು ಕೇಳಿದರೆ ಮೊದಲ ವರ್ಷದ ಫಿಸಿಯೋಥೆರಪಿ ವಿದ್ಯಾರ್ಥಿ ‘3, 4, 5’ ಎಂದು ಥಟ್ಟನೆ ಹೇಳುತ್ತಾನೆ. ಪಕ್ಕದಲ್ಲಿ ಕೂತವನ ಮೈಮೇಲೆ 4ನೇ ಪಕ್ಕೆಲುಬು ತೋರಿಸು ಎಂದರೆ ಬೆರಳು ತಡವರಿಸುತ್ತದೆ. ಸ್ನಾಯುಗಳ ಪಟ್ಟಿ ಬಾಯಿಪಾಠವಾಗಿದ್ದು ನಂಬರು ಹುಡುಕಲು ಬಾರದಿದ್ದರೆ ಆ ಪಟ್ಟಿ ವೈವಾಗೆ (ಮೌಖಿಕ ಪರೀಕ್ಷೆಗೆ) ಮಾತ್ರ ಆಯಿತು. ಹಾಗಾಗಿ ಮೊದಲು ಎಣಿಕೆ ಕಲಿಯಿರಿ, ಆಮೇಲೆ ಎಲುಬು, ಕೊನೆಗೆ ಸ್ನಾಯು.

ಎಣಿಸುವ ಕ್ರಮ

ಒಟ್ಟು 12 ಜೊತೆ. ಗಂಡಿಗೂ ಹೆಣ್ಣಿಗೂ ಅಷ್ಟೇ. ಮೇಲಿನ 7 ತಮ್ಮ ತಮ್ಮ ಮೃದ್ವಸ್ಥಿಯ (ಕಾರ್ಟಿಲೇಜ್) ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. 8, 9, 10 ತಮಗಿಂತ ಮೇಲಿನದರ ಮೃದ್ವಸ್ಥಿಗೆ ಜೋತುಬೀಳುತ್ತವೆ. 11 ಮತ್ತು 12ರ ಮುಂದಿನ ತುದಿ ಎಲ್ಲಿಗೂ ಸೇರದೆ ಹೊಟ್ಟೆಯ ಸ್ನಾಯುಗಳ ನಡುವೆ ಮುಗಿಯುತ್ತದೆ.

1ನೆಯದನ್ನು ಹುಡುಕಲು ಹೋಗಬೇಡಿ. ಅದು ಕಾಲರ್ ಬೋನಿನ ಅಡಿಯಲ್ಲಿ ಅಡಗಿದೆ, ಮುಂದಿನಿಂದ ಸರಿಯಾಗಿ ಕೈಗೆ ಸಿಗುವುದಿಲ್ಲ. ಗಂಟಲ ಬುಡದ ಗುಳಿಯಲ್ಲಿ ಬೆರಳಿಟ್ಟು, ಎದೆಮೂಳೆಯ ಮೇಲೆ ಸುಮಾರು 5 ಸೆಂ.ಮೀ. ಕೆಳಕ್ಕೆ ಜಾರಿಸಿ. ಅಡ್ಡಲಾಗಿ ಒಂದು ಏಣು ತಗಲುತ್ತದೆ. ಇದೇ ಸ್ಟರ್ನಲ್ ಆಂಗಲ್. ಅಲ್ಲಿಂದ ಪಕ್ಕಕ್ಕೆ ಸರಿದರೆ ಸಿಗುವುದು 2ನೇ ಪಕ್ಕೆಲುಬಿನ ಮೃದ್ವಸ್ಥಿ, ಅದಕ್ಕೂ 3ನೆಯದಕ್ಕೂ ನಡುವಿನ ಸಂದು 2ನೇ ಸಂದು. ಮುಂದೆ ಎರಡು ಬೆರಳನ್ನು ನಡೆಸಿಕೊಂಡು ಹೋಗಿ: ಒಂದು ಎಲುಬಿನ ಮೇಲೆ, ಇನ್ನೊಂದು ಸಂದಿನಲ್ಲಿ. ಎರಡನ್ನೂ ಒಟ್ಟಿಗೆ ಎತ್ತಿದರೆ ಎಣಿಕೆ ಹೋಯಿತು.

ಎದೆಮೂಳೆಯ ಅಂಚಿನಲ್ಲೇ ನೇರವಾಗಿ ಇಳಿಯುತ್ತಾ ಹೋಗುವುದು ಇನ್ನೊಂದು ತಪ್ಪು. 5ರಿಂದ 7ರವರೆಗಿನ ಮೃದ್ವಸ್ಥಿಗಳು ಅಲ್ಲಿ ಒತ್ತೊತ್ತಾಗಿ ಬಂದು ಸೇರುವುದರಿಂದ ಸಂದೇ ಸಿಗುವುದಿಲ್ಲ. 4 ದಾಟುತ್ತಿದ್ದಂತೆ ಓರೆಯಾಗಿ ಹೊರಕ್ಕೆ ಸರಿಯಿರಿ. ಗಂಡಸಿನ ಮೊಲೆತೊಟ್ಟು ಸಾಮಾನ್ಯವಾಗಿ 4ನೇ ಸಂದಿನ ಮಟ್ಟದಲ್ಲಿರುತ್ತದೆ ನಿಜ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಒಂದು ಸಂದು ತಪ್ಪಿದರೆ ಏನಾಗುತ್ತದೆ ಎಂಬುದು ಇಸಿಜಿ ಕೋಣೆಯಲ್ಲಿ ಕಾಣುತ್ತದೆ. ವಿ1, ವಿ2 ಎಲೆಕ್ಟ್ರೋಡುಗಳು ಎದೆಮೂಳೆಯ ಎರಡೂ ಪಕ್ಕ 4ನೇ ಸಂದಿನಲ್ಲಿರಬೇಕು. ಕಾಲರ್ ಬೋನಿಗೂ 1ನೇ ಪಕ್ಕೆಲುಬಿಗೂ ನಡುವಿನ ತಗ್ಗನ್ನೇ 1ನೇ ಸಂದು ಎಂದು ಎಣಿಸುವವರು ಅವನ್ನು ಮೇಲೆ ಅಂಟಿಸುತ್ತಾರೆ. ಆಗ ಹಳೆಯ ಹೃದಯಾಘಾತದಂತೆ ಕಾಣುವ ಗೆರೆ ಆರೋಗ್ಯವಂತರಲ್ಲೂ ಮೂಡಬಹುದು.

ಬೆನ್ನಿನ ಕಡೆ, ಕೈ ಇಳಿಬಿಟ್ಟು ಕೂತಿರುವಾಗ ಹೆಗಲ ಹಲಗೆಯ ಕೆಳತುದಿ 7ನೇ ಪಕ್ಕೆಲುಬಿನ ಮೇಲೆ ಬರುತ್ತದೆ. ಕೈ ಎತ್ತಿದರೆ ಹಲಗೆ ಸರಿದುಹೋಗುವುದರಿಂದ ಆ ಗುರುತು ಕೆಡುತ್ತದೆ. ಕೆಳಗಿನಿಂದ ಮೇಲಕ್ಕೆ ಎಣಿಸುವ ಅಭ್ಯಾಸ ಬೇಡವೇ ಬೇಡ. ಕೆಲವರಲ್ಲಿ 12ನೆಯದು ಬೆನ್ನಿನ ದಪ್ಪ ಸ್ನಾಯುವಿನಿಂದ ಆಚೆಗೆ ಬಾರದಷ್ಟು ಗಿಡ್ಡ. ಆಗ 11ನೆಯದೇ ಕೊನೆಯದೆನಿಸುತ್ತದೆ. ಮೂತ್ರಪಿಂಡದ ಶಸ್ತ್ರಚಿಕಿತ್ಸೆಯಲ್ಲಿ ಹೀಗೆ ಮೋಸಹೋಗಿ ಒಂದು ಎಲುಬು ಮೇಲೆ ಕೊಯ್ದರೆ ಶ್ವಾಸಕೋಶದ ಹೊದಿಕೆ ತೂತಾಗುತ್ತದೆ.

ಎಲುಬು ಕೈಗೆ ಬಂದಾಗ

ಪೆಟ್ಟಿಗೆಯಿಂದ ತೆಗೆದ ಎಲುಬು ಎಡದ್ದೋ ಬಲದ್ದೋ ತಿಳಿಯಲು ಮೂರು ಗುರುತು ಸಾಕು. ತಲೆಯಿರುವ ತುದಿ ಹಿಂದಕ್ಕೆ, ಕುಳಿಯಾದ ಮೈ ಒಳಕ್ಕೆ, ತೋಡು ಇರುವ ಅಂಚು ಕೆಳಕ್ಕೆ. ಹಾಗೆ ಹಿಡಿದು ನಿಮ್ಮ ಎದೆಗೇ ಒಡ್ಡಿಕೊಳ್ಳಿ. ಯಾವ ಪಕ್ಕಕ್ಕೆ ಹೊಂದುತ್ತದೋ ಆ ಪಕ್ಕದ್ದು.

3ರಿಂದ 9ರವರೆಗಿನವು ಒಂದೇ ಅಚ್ಚಿನವು. ತಲೆಯಲ್ಲಿ ಎರಡು ನುಣುಪು ಮುಖಗಳಿವೆ. ಕೆಳಗಿನ ದೊಡ್ಡದು ಅದೇ ನಂಬರಿನ ಕಶೇರುಕಕ್ಕೆ (ಬೆನ್ನುಮೂಳೆಯ ಮಣಿಗೆ), ಮೇಲಿನ ಚಿಕ್ಕದು ಒಂದು ನಂಬರು ಮೇಲಿನದಕ್ಕೆ ಕೂರುತ್ತದೆ. ತಲೆಯ ಮುಂದೆ ಸುಮಾರು 2.5 ಸೆಂ.ಮೀ. ಕುತ್ತಿಗೆ, ಆಮೇಲೆ ಟ್ಯೂಬರ್ಕಲ್ ಎಂಬ ಗುಬುಟು, ಅದರಾಚೆ ಎಲುಬು ಮುಂದಕ್ಕೆ ತಿರುಗುವ ಕೋನ. ಮೈ ತಿರುಚಿಕೊಂಡಿರುವುದರಿಂದ ಮೇಜಿನ ಮೇಲಿಟ್ಟರೆ ಎರಡೂ ತುದಿ ಒಟ್ಟಿಗೆ ನೆಲೆಯೂರುವುದಿಲ್ಲ. ಹೊರಗಿನಿಂದ ಅದುಮಿದಾಗ ಎಲುಬು ಸಾಮಾನ್ಯವಾಗಿ ಮುರಿಯುವುದು ಕೋನದ ತುಸು ಮುಂದೆ. ಅದೇ ಅದರ ದುರ್ಬಲ ಜಾಗ.

ಕೆಳಂಚಿನ ತೋಡಿನಲ್ಲಿ ಮೇಲಿನಿಂದ ಕೆಳಕ್ಕೆ ಅಭಿಧಮನಿ, ಅಪಧಮನಿ, ನರ ಸಾಲಾಗಿ ಹೋಗುತ್ತವೆ. ಎದೆಯ ನೀರು ತೆಗೆಯುವ ಸೂಜಿಯನ್ನು ಸಂದಿನ ಕೆಳಗಿನ ಎಲುಬಿನ ಮೇಲಂಚಿಗೆ ತಾಗಿಸಿಯೇ ಒಳಬಿಡುವುದು ಈ ಮೂರನ್ನು ತಪ್ಪಿಸಲು. ಬೆನ್ನುಮೂಳೆಯ ತೀರಾ ಹತ್ತಿರ ಈ ಉಪಾಯ ನಡೆಯುವುದಿಲ್ಲ, ಅಪಧಮನಿ ಅಲ್ಲಿ ಇನ್ನೂ ತೋಡಿನ ಮರೆಗೆ ಸೇರಿರುವುದಿಲ್ಲ.

1ನೇ ಪಕ್ಕೆಲುಬಿನದು ಬೇರೆಯೇ ಕಥೆ. ಗಿಡ್ಡ, ಅಗಲ, ಹೆಚ್ಚು ಬಾಗಿದ್ದು, ತೋಡಿಲ್ಲ. ಇದರ ಮೈ ಒಳಕ್ಕೂ ಹೊರಕ್ಕೂ ಅಲ್ಲ, ಮೇಲಕ್ಕೂ ಕೆಳಕ್ಕೂ ಮುಖಮಾಡಿದೆ. ಮೇಲ್ಮೈಯ ಒಳಂಚಿನಲ್ಲಿ ಒಂದು ಸಣ್ಣ ಉಬ್ಬು, ಅದಕ್ಕೆ ಕತ್ತಿನ ಸ್ನಾಯು ಸ್ಕೇಲೀನಸ್ ಆಂಟೀರಿಯರ್ ಅಂಟುತ್ತದೆ. ಈ ಸ್ನಾಯುವಿನ ಮುಂದಿನ ತಗ್ಗಿನಲ್ಲಿ ಸಬ್‌ಕ್ಲೇವಿಯನ್ ಅಭಿಧಮನಿ. ಹಿಂದಿನ ತಗ್ಗಿನಲ್ಲಿ ಸಬ್‌ಕ್ಲೇವಿಯನ್ ಅಪಧಮನಿ ಮತ್ತು ಕೈಗೆ ಹೋಗುವ ನರಜಾಲದ ಕೆಳಗಿನ ಕಾಂಡ. ಅವುಗಳ ಹಿಂದೆ ಸ್ಕೇಲೀನಸ್ ಮೀಡಿಯಸ್. ಅಂದರೆ ಕೈಯ ಅಪಧಮನಿಯೂ ನರಗಳೂ ಎರಡು ಸ್ನಾಯು, ಒಂದು ಎಲುಬಿನ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತವೆ. ಕೆಲವರಿಗೆ ಕತ್ತಿನ 7ನೇ ಕಶೇರುಕದಿಂದ ಒಂದು ಹೆಚ್ಚುವರಿ ಪಕ್ಕೆಲುಬು ಹುಟ್ಟಿ ಈ ಇಕ್ಕಟ್ಟು ಹೆಚ್ಚಾಗುತ್ತದೆ. ಕಿರುಬೆರಳಿನ ಕಡೆ ಜೋಮು ಹಿಡಿಯಲು ಅದೂ ಒಂದು ಕಾರಣ.

ಸ್ನಾಯುಗಳು

ಸಂದುಗಳಲ್ಲಿ ಮೂರು ಪದರ. ಹೊರಗಿನ ಇಂಟರ್‌ಕಾಸ್ಟಲಿನ ಎಳೆಗಳು ಪ್ಯಾಂಟಿನ ಜೇಬಿಗೆ ಕೈ ಹಾಕಿದಾಗ ಬೆರಳುಗಳಿರುವಂತೆ ಕೆಳಕ್ಕೂ ಮುಂದಕ್ಕೂ ಇಳಿಯುತ್ತವೆ. ಒಳಗಿನದರ ಎಳೆ ಅದಕ್ಕೆ ಅಡ್ಡ, ಕೆಳಕ್ಕೂ ಹಿಂದಕ್ಕೂ. ಮೂರನೆಯದು ತೀರಾ ಒಳಗೆ, ತೆಳುವಾಗಿ. ನರ ಮತ್ತು ರಕ್ತನಾಳಗಳು ಸಾಗುವುದು ಎರಡನೆಯ ಮತ್ತು ಮೂರನೆಯ ಪದರದ ನಡುವೆ.

ಹೊರಮೈಯಲ್ಲಿ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಸೆರೇಟಸ್ ಆಂಟೀರಿಯರ್. ಮೇಲಿನ 8 ಪಕ್ಕೆಲುಬುಗಳಿಂದ ಗರಗಸದ ಹಲ್ಲುಗಳಂತೆ ಹೊರಟು, ಹೆಗಲ ಹಲಗೆಯ ಅಡಿಯಲ್ಲಿ ಹಾದು, ಅದರ ಒಳಂಚಿಗೆ ಸೇರುತ್ತದೆ. 2ನೇ ಪಕ್ಕೆಲುಬಿನ ಹೊರಮೈಯಲ್ಲಿ ಕಾಣುವ ಒರಟು ಉಬ್ಬು ಇದರದ್ದೇ ಗುರುತು. ಗೋಡೆಗೆ ಎರಡೂ ಅಂಗೈ ಊರಿ ತಳ್ಳಲು ಹೇಳಿ, ಕಂಕುಳಿನ ಕೆಳಗೆ ಬೆರಳಾಡಿಸಿ. ಗರಡಿಯಲ್ಲಿ ದಂಡ ಹೊಡೆದ ಮೈಯಾದರೆ ಬೆರಳೂ ಬೇಡ, ಕಣ್ಣಿಗೇ ಕಾಣುತ್ತದೆ. ತಳ್ಳುವಾಗ ಹಲಗೆಯ ಒಳಂಚು ರೆಕ್ಕೆಯಂತೆ ಎದ್ದರೆ ಈ ಸ್ನಾಯುವಿನ ನರ, ಲಾಂಗ್ ಥೊರಾಸಿಕ್, ಪೆಟ್ಟು ತಿಂದಿದೆಯೇ ಎಂದು ನೋಡಬೇಕು.

ಹೊಟ್ಟೆಯ ಎಕ್ಸ್‌ಟರ್ನಲ್ ಒಬ್ಲೀಕ್ ಹೊರಡುವುದು 5ರಿಂದ 12ರವರೆಗಿನ ಪಕ್ಕೆಲುಬುಗಳಿಂದ. ಹಾಗಾಗಿ 5ರಿಂದ 8ರಲ್ಲಿ ಅದರ ಹಲ್ಲುಗಳು ಸೆರೇಟಸ್ಸಿನ ಹಲ್ಲುಗಳೊಳಗೆ ಹೆಣೆದುಕೊಳ್ಳುತ್ತವೆ. ಒಂದು ಮೇಲಕ್ಕೆ ಹಿಂದಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ವಾರಗಟ್ಟಲೆ ಬಿಡದೆ ಕೆಮ್ಮುವವರಲ್ಲಿ ಏಟೇ ಬೀಳದೆ ನಡುವಿನ ಪಕ್ಕೆಲುಬು ಬಿರುಕುಬಿಡುವುದಕ್ಕೆ ಈ ಎಳೆದಾಟವನ್ನೇ ಕಾರಣವಾಗಿ ಕೊಡುತ್ತಾರೆ.

ಮುಂದಿನ ಕಡೆ ಉಳಿದವು ಸುಲಭ: ಪೆಕ್ಟೊರಾಲಿಸ್ ಮೇಜರ್ ಮೇಲಿನ 6 ಮೃದ್ವಸ್ಥಿಗಳಿಂದ, ಅದರಡಿ ಮೈನರ್ 3, 4, 5ನೇ ಪಕ್ಕೆಲುಬುಗಳಿಂದ, ಹೊಟ್ಟೆಯ ನಡುವಿನ ರೆಕ್ಟಸ್ 5ರಿಂದ 7ರ ಮೃದ್ವಸ್ಥಿಗಳಿಗೆ. ಹಿಂದೆ, ಕೋನಗಳ ಮೇಲೆ ಬೆನ್ನಿನ ಉದ್ದ ಸ್ನಾಯು ಇಲಿಯೊಕಾಸ್ಟಾಲಿಸ್. ಕೆಳಗಿನ 3 ಅಥವಾ 4ರಿಂದ ಲ್ಯಾಟಿಸಿಮಸ್ ಡಾರ್ಸೈ.

ಒಳಮೈಯಲ್ಲಿ ಕೆಳಗಿನ 6 ಪಕ್ಕೆಲುಬುಗಳೇ ಮುಖ್ಯ. ಉಸಿರಾಟದ ವಪೆ (ಡಯಾಫ್ರಮ್) ಮತ್ತು ಹೊಟ್ಟೆಯ ಟ್ರಾನ್ಸ್‌ವರ್ಸಸ್ ಅಲ್ಲಿ ಕೈಬೆರಳು ಕೋದಂತೆ ಒಂದರೊಳಗೊಂದು ಸೇರಿವೆ. ವಪೆ ಸಂಕುಚಿಸಿದಾಗ 12ನೆಯದು ಮೇಲಕ್ಕೆ ಸರಿಯದಂತೆ ಕೆಳಗಿನಿಂದ ಕಟ್ಟಿಹಾಕುವುದು ಅದರ ಕೆಳಂಚಿನ ಒಳ ಅರ್ಧಕ್ಕೆ ಅಂಟಿದ ಸೊಂಟದ ಸ್ನಾಯು ಕ್ವಾಡ್ರೇಟಸ್ ಲಂಬೋರಮ್.

ಉಸಿರೆಳೆದಾಗ ಮೇಲಿನ ಪಕ್ಕೆಲುಬುಗಳು ಬೋರ್‌ವೆಲ್ ಕೈಪಂಪಿನ ಹಿಡಿಯಂತೆ ಏರಿ ಎದೆಯನ್ನು ಮುಂದಕ್ಕೆ ತರುತ್ತವೆ, ಕೆಳಗಿನವು ಬಕೆಟ್ಟಿನ ಹಿಡಿಯಂತೆ ಪಕ್ಕಕ್ಕೆ ಎದ್ದು ಅಗಲಿಸುತ್ತವೆ. ಮುರಿದ ಪಕ್ಕೆಲುಬಿಗೆ ಎದೆ ಸುತ್ತ ಬಿಗಿಯಾಗಿ ಬಟ್ಟೆ ಕಟ್ಟಬಾರದೆನ್ನುವುದು ಇದಕ್ಕೇ. ನೋವು ತುಸು ಕಡಿಮೆಯಾಗಬಹುದು, ಆದರೆ ಉಸಿರು ಆಳಕ್ಕೆ ಇಳಿಯದೆ ಕಫ ನಿಂತು ನ್ಯುಮೋನಿಯಾ ಬರಬಹುದು.

ಅಭ್ಯಾಸಕ್ಕೆ ಗೆಳೆಯನ ಎದೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ 2ರಿಂದ ನಂಬರು ಹಾಕುತ್ತಾ, ನಿಧಾನವಾಗಿ ಕಂಕುಳಿನ ನಡುಗೆರೆಗೆ ಸರಿದು ಇಳಿಯಿರಿ. ಪಕ್ಕೆಗೂಡಿನ ಅಂಚು ಪಕ್ಕದಲ್ಲಿ ಅತಿ ಕೆಳಕ್ಕೆ ಬರುವುದು 10ನೆಯದರಲ್ಲಿ. ನಿಮ್ಮ ಲೆಕ್ಕ ಅಲ್ಲಿ 9 ತೋರಿಸಿದರೆ 2ನೆಯದನ್ನೇ 1 ಎಂದುಕೊಂಡಿದ್ದೀರಿ. ಅಳಿಸಿ, ಮತ್ತೆ ಗಂಟಲ ಗುಳಿಯಿಂದ ಶುರುಮಾಡಿ.