ಜೆರ್ಸಿಯೊಳಗಿನ ಬನಿಯನ್ ಆರಿಸುವುದು ಹೇಗೆ?

ಏಪ್ರಿಲ್ ತಿಂಗಳ ಭಾನುವಾರ. ನಂದಿ ಬೆಟ್ಟ ಹತ್ತಿ ಇಳಿದ ಸೈಕಲ್ಲಿನವರು ಬುಡದ ಟೀ ಅಂಗಡಿ ಮುಂದೆ ನಿಂತಿರುತ್ತಾರೆ. ಅವರಲ್ಲಿ ಒಬ್ಬರಾದರೂ ಜೆರ್ಸಿಯ ಜಿಪ್ ಇಳಿಸಿ, ಒಳಗಿನ ಕಾಟನ್ ಬನಿಯನ್ನನ್ನು ಎರಡು ಬೆರಳಲ್ಲಿ ಎಳೆದೆಳೆದು ಮೈಯಿಂದ ಬಿಡಿಸಿಕೊಳ್ಳುತ್ತಿರುತ್ತಾರೆ. ಹಿಂಡಿದರೆ ನೀರು ಬರಬೇಕು, ಅಷ್ಟು ಒದ್ದೆ. ಹತ್ತುವಾಗ ಬೆಂದವರು ಇಳಿಯುವಾಗ ಗಾಳಿಗೆ ನಡುಗಿರುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ. ಮೊದಲ ಬೇಸಿಗೆಯಲ್ಲಿ ಹಾಗೆ ನಡುಗುತ್ತಾ ನಿಂತವರಲ್ಲಿ ನಾನೂ ಒಬ್ಬ.

ಜೆರ್ಸಿಯೊಳಗೆ ಹಾಕಲೆಂದೇ ಮಾಡಿದ ಬನಿಯನ್ನಿಗೆ ಅಂಗಡಿಯವರು ಬೇಸ್ ಲೇಯರ್ ಅನ್ನುತ್ತಾರೆ. ನನಗೆ ಬನಿಯನ್ನೇ ಸಾಕು. ಹಾಕುವ ಜಾಗ ಅದೇ ಅಲ್ವಾ?

ಒಂದು: ಬೇಕಾ, ಬೇಡ್ವಾ?

ಆಫೀಸಿಗೆ ಐದಾರು ಕಿಲೋಮೀಟರ್ ಹೋಗುವವರಿಗೆ ಬೇಡ. ಮೇ ತಿಂಗಳ ಮಂಗಳೂರು, ಉಡುಪಿ ಕಡೆಯವರಿಗೂ ನಾನು ಒತ್ತಾಯ ಮಾಡುವುದಿಲ್ಲ. ಬೆವರು ಆವಿಯಾದರೆ ಮಾತ್ರ ಮೈ ತಂಪಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ಕೆಳಗೆ ಬಿದ್ದರೆ ಏನೂ ಇಲ್ಲ. ಕರಾವಳಿಯ ಗಾಳಿಯೇ ಒದ್ದೆ, ಅಲ್ಲಿ ಯಾವ ಬಟ್ಟೆಯೂ ಹೆಚ್ಚು ಕೆಲಸ ಮಾಡಲಾರದು. ಒಂದು ತೆಳು ಜೆರ್ಸಿ ಹಾಕಿ, ಜಿಪ್ ಇಳಿಸಿಕೊಂಡು ಹೋಗಿ. ಬೆಂಗಳೂರು, ಮೈಸೂರು, ಬಳ್ಳಾರಿ, ರಾಯಚೂರಿನ ಒಣ ಬೇಸಿಗೆಗೆ ಬನಿಯನ್ ಬೇಕು. ಬೆಟ್ಟ ಹತ್ತುವವರಿಗಂತೂ ಬೇಕೇ ಬೇಕು.

ಎರಡು: ನೂಲು

ಪಾಲಿಯೆಸ್ಟರ್ ತಗೊಳ್ಳಿ. ಆ ನೂಲು ತನ್ನ ತೂಕದ ಶೇ 1ರಷ್ಟು ನೀರನ್ನೂ ಹೀರುವುದಿಲ್ಲ, ಬೆವರು ಎಳೆಗಳ ನಡುವೆ ಹರಡಿ ಆರಿಹೋಗುತ್ತದೆ. ಕಾಟನ್ ಸುಮ್ನೆ ಮೊಳೆಗೆ ನೇತುಹಾಕಿದ್ದರೂ ಗಾಳಿಯಿಂದ ಶೇ 7–8ರಷ್ಟು ತೇವ ಎಳೆದುಕೊಂಡಿರುತ್ತದೆ. ಇನ್ನು ಬೆವರು ಸಿಕ್ಕರೆ ಕೇಳಬೇಕೆ? ತೆಳು ಮೆರಿನೊ ಉಣ್ಣೆ ಚೆನ್ನಾಗಿರುತ್ತದೆ, ವಾಸನೆ ಹಿಡಿಯುವುದು ಕಡಿಮೆ. ಆದರೆ ದುಬಾರಿ, ಒಣಗುವುದು ನಿಧಾನ, ಕಪಾಟಿನಲ್ಲಿ ಹುಳ ತಿನ್ನುತ್ತದೆ. ನನಗೆ ಬೇಡ.

ಎದೆ ಮೇಲೆ 'ಐಸ್', 'ಕೂಲ್' ಅಂತ ಅಚ್ಚು ಹಾಕಿದ ಮಾಲಿಗೆ ಮರುಳಾಗಬೇಡಿ. ನಾನೊಂದು ತಂದಿದ್ದೆ. ಹಾಕಿಕೊಂಡ ಹೊಸದರಲ್ಲಿ ಮೈಗೆ ತಣ್ಣಗೆ ತಾಗುತ್ತಿತ್ತು. ಏಳೆಂಟು ಒಗೆತ ಆದಮೇಲೆ ಉಳಿದದ್ದು ಆ ಅಚ್ಚು ಮಾತ್ರ.

ಮೂರು: ತೂತು

ನಮ್ಮ ತಾತಂದಿರ ತೂತು ಬನಿಯನ್ ನೆನಪಿದೆಯಾ? ಅದೇ ಸರಿ, ನೂಲು ಮಾತ್ರ ಬೇರೆ ಇರಬೇಕು. 1933ರಲ್ಲಿ ನಾರ್ವೆಯ ಸೇನಾಧಿಕಾರಿ ಹೆನ್ರಿಕ್ ಬ್ರೂನ್ ಮೀನಿನ ಬಲೆಯಿಂದ ಇಂಥದ್ದೊಂದು ಮಾಡಿದ್ದರು, ಅದೂ ಚಳಿಗೆ! ತೂತಿನಲ್ಲಿ ನಿಂತ ಗಾಳಿ ಮೈ ಬೆಚ್ಚಗಿಡಲಿ ಅಂತ. ಬೇಸಿಗೆಯಲ್ಲಿ ಜೆರ್ಸಿಯ ಜಿಪ್ ಇಳಿಸಿದರೆ ಅದೇ ತೂತಿನಲ್ಲಿ ಗಾಳಿ ಓಡಾಡುತ್ತದೆ. ಬನಿಯನ್ ಎತ್ತಿ ಟ್ಯೂಬ್‌ಲೈಟ್‌ಗೆ ಹಿಡಿಯಿರಿ. ಆ ಕಡೆ ನಿಂತವರ ಮುಖ ಗುರುತು ಸಿಗಬೇಕು.

ನಾಲ್ಕು: ಅಳತೆ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

'ಬೇಸಿಗೆಗೆ ಲೂಸ್ ಇರಲಿ ಸಾರ್, ಗಾಳಿ ಆಡುತ್ತೆ' ಎಂದು ಅಂಗಡಿಯವರು ಹೇಳುತ್ತಾರೆ. ಅಂಗಿಗೆ ಆ ಮಾತು ಸರಿ. ಆದರೆ ಇದರ ಮೇಲೆ ಜೆರ್ಸಿ ಬರುತ್ತದಲ್ಲ, ಗಾಳಿ ಎಲ್ಲಿ ಆಡಬೇಕು? ಬಟ್ಟೆ ಚರ್ಮಕ್ಕೆ ತಾಗಿದ ಕಡೆ ಮಾತ್ರ ಬೆವರನ್ನು ಎತ್ತಿಕೊಳ್ಳುತ್ತದೆ. ತಾಗದ ಕಡೆ ಬೆವರು ಬೆನ್ನ ಮೇಲೆ ಹರಿದು ನೇರ ಚಡ್ಡಿಯ ಪಟ್ಟಿಗೆ ಹೋಗಿ ನಿಲ್ಲುತ್ತದೆ.

ನಮ್ಮ ಮಾಮೂಲಿ ಬನಿಯನ್ ಸೈಜು 85, 90, 95 ಅಂತ ಸೆಂಟಿಮೀಟರಿನಲ್ಲಿರುತ್ತದೆ. ಸೈಕ್ಲಿಂಗ್ ಮಾಲಿನಲ್ಲಿ ಎಸ್, ಎಂ, ಎಲ್. ಒಬ್ಬರ ಎಂ ಇನ್ನೊಬ್ಬರ ಎಸ್. ಟೇಪಿನಲ್ಲಿ ಎದೆ ಅಳೆದು ಅದೇ ಕಂಪನಿಯ ಪಟ್ಟಿ ನೋಡಿ. ಎರಡು ಸೈಜಿನ ಮಧ್ಯೆ ಬಿದ್ದರೆ ಚಿಕ್ಕದು ತಗೊಳ್ಳಿ.

ಈಗ ಹಾಕಿಕೊಳ್ಳಿ. ಎದೆಗೂಡಿನ ಕೆಳಗೆ ಬಟ್ಟೆಯನ್ನು ಚಿವುಟಿ. ಬೆರಳ ತುದಿಗೆ ಒಂದು ಮಡಿಕೆ ಸಿಕ್ಕರೆ ಸರಿ, ಮುಷ್ಟಿ ತುಂಬ ಬಂದರೆ ದೊಡ್ಡದು. ಉಸಿರು ಜೋರಾಗಿ ಎಳೆದಾಗ ಹಿಸುಕಿದ ಹಾಗಾದರೆ ಚಿಕ್ಕದು. ಜಿಮ್ಮಿನವರು ಹಾಕುವ ಬಿಗಿ ಬನಿಯನ್ ದಪ್ಪ ಇರುತ್ತದೆ, ಅದು ಬೇರೆಯದೇ ಮಾಲು.

ಕನ್ನಡಿ ಮುಂದೆ ನೆಟ್ಟಗೆ ನಿಂತು 'ಚೆನ್ನಾಗಿದೆ' ಅಂದುಕೊಂಡು ಬಂದುಬಿಡುತ್ತಾರೆ. ಸೈಕಲ್ ಮೇಲೆ ಯಾರು ನೆಟ್ಟಗೆ ನಿಂತಿರುತ್ತಾರೆ? ಅಂಗಡಿಯಲ್ಲಿ ಒಂದು ಕುರ್ಚಿ ಕೇಳಿ. ಅದರ ಬೆನ್ನನ್ನು ಹ್ಯಾಂಡಲ್ ಹಾಗೆ ಹಿಡಿದು, ಮೊಣಕೈ ಸ್ವಲ್ಪ ಮಡಚಿ ಬಗ್ಗಿ. ಎರಡು ನಿಮಿಷ ಹಾಗೇ ಇರಿ. ಜನ ನೋಡಿದರೆ ನೋಡಲಿ. ಹಿಂದೆ ಬನಿಯನ್ ಸೊಂಟದಿಂದ ನಾಲ್ಕು ಬೆರಳು ಕೆಳಗೇ ಇದೆಯಾ, ಮೇಲೆ ಹತ್ತಿತಾ? ಹೊಟ್ಟೆ ಮುಂದೆ ನೆರಿಗೆ ಕಟ್ಟಿತಾ? ಆ ನೆರಿಗೆಯೇ ನಾಳೆ 40ನೇ ಕಿಲೋಮೀಟರಿನಲ್ಲಿ ಒದ್ದೆಯಾಗಿ, ಬಿಬ್ ಶಾರ್ಟ್ಸ್ (ಭುಜದ ಮೇಲೆ ಪಟ್ಟಿ ಬರುವ ಸೈಕ್ಲಿಂಗ್ ಚಡ್ಡಿ) ಅಡಿಯಲ್ಲಿ ಸಿಕ್ಕಿ ಚರ್ಮ ಕೀಳುವುದು. ಭುಜದ ಹಲಗೆಗಳ ನಡುವಿನ ಗುಳಿಯಲ್ಲೂ ಬಟ್ಟೆ ಅಂಟಿರಬೇಕು. ಅದನ್ನು ನೀವೇ ನೋಡಲಾರಿರಿ, ಜೊತೆಗೆ ಬಂದವರನ್ನು ಬೆರಳಿಟ್ಟು ನೋಡಲು ಹೇಳಿ.

ನಿಮ್ಮ ಜೆರ್ಸಿ, ಬಿಬ್ ಎರಡನ್ನೂ ಚೀಲದಲ್ಲಿ ಒಯ್ದು, ಮೇಲೆ ಹಾಕಿಕೊಂಡು ಇನ್ನೊಮ್ಮೆ ಬಗ್ಗಿ. ಬಿಬ್ ಪಟ್ಟಿ ಬನಿಯನ್ ಮೇಲೆ ಬರಬೇಕು, ಬರಿ ಮೈ ಮೇಲಲ್ಲ.

ಸ್ಪೋರ್ಟ್ಸ್ ಬ್ರಾ ಹಾಕುವವರಿಗೆ ಅದೇ ಮೊದಲ ಪದರ. ಅದು ಕಾಟನ್ ಆಗಿದ್ದರೆ ಮೇಲೆ ಎಷ್ಟು ದುಬಾರಿ ಬನಿಯನ್ ಹಾಕಿದರೂ ದಂಡ. ಮೊದಲು ಅದನ್ನು ಬದಲಾಯಿಸಿ.

ಐದು: ಹೊಲಿಗೆ, ತೋಳು

ಒಳಮಗ್ಗುಲು ತಿರುಗಿಸಿ ಕಂಕುಳಿನ ಹೊಲಿಗೆ ಸವರಿ, ಚಪ್ಪಟೆ ಇರಬೇಕು. ಕತ್ತಿನ ಹತ್ತಿರದ ಲೇಬಲ್ ಕತ್ತರಿಸಿ ಬಿಸಾಡಿ. ಬೇಸಿಗೆಗೆ ತೋಳಿಲ್ಲದ್ದೇ ಒಳ್ಳೆಯದು.

ಇದೆಲ್ಲ ಕೊಳ್ಳುವವರೆಗೆ ಕಾಟನ್ನಿನಲ್ಲೇ ಬೆಟ್ಟ ಹತ್ತುವವರಿಗೆ ಸೈಕಲ್ ರೇಸಿನವರ ಹಳೇ ಉಪಾಯವೊಂದಿದೆ. ಇಳಿಯುವ ಮುಂಚೆ ಎದೆ ಮೇಲೆ, ಜೆರ್ಸಿ ಒಳಗೆ ಪೇಪರ್ ತುರುಕಿಕೊಳ್ಳಿ. ಎದೆಗೆ ಗಾಳಿ ಹೊಡೆಯುವುದಿಲ್ಲ. ಈ ಪುರವಣಿಯೂ ಆದೀತು.

ಆರು: ಒಗೆಯುವುದು

ತಣ್ಣೀರು, ಸ್ವಲ್ಪ ಸೋಪಿನ ಪುಡಿ. ಬಟ್ಟೆ ಮೆತ್ತಗಾಗಲು ಕೊನೆಯಲ್ಲಿ ಹಾಕುವ ಘಮಘಮ ದ್ರವ ಮಾತ್ರ ಬೇಡ. ಅದು ಎಳೆಗಳ ಮೇಲೆ ಜಿಡ್ಡಿನಂತೆ ಕೂತು ಬೆವರು ಹರಡಲು ಬಿಡುವುದಿಲ್ಲ. ಚೆನ್ನಾಗಿ ಕೊಡವಿ ನೆರಳಲ್ಲಿ ಹಾಕಿ. ಒಣ ಬೇಸಿಗೆಯಲ್ಲಿ ಸ್ನಾನ, ತಿಂಡಿ, ಕಾಫಿ ಮುಗಿಸಿ ಬರುವಷ್ಟರಲ್ಲಿ ಹೆಚ್ಚುಕಮ್ಮಿ ಆರಿರಬೇಕು. ಮಧ್ಯಾಹ್ನದವರೆಗೂ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಬಿಸಾಡಿದ ಆ ಲೇಬಲ್ ಹುಡುಕಿ ಅದರಲ್ಲಿ ಕಾಟನ್ ಎಷ್ಟಿದೆ ಓದಿ.