ಲಿಂಕನ್ ಕಾಂಟಿನೆಂಟಲ್ ಟಾಪ್ ಅರ್ಧಕ್ಕೆ ನಿಂತಾಗ ನಾನು ಹುಡುಕಿದ್ದು ಹೀಗೆ

ನನ್ನ ಹತ್ರ ಇರುವುದು 1962ರ ಲಿಂಕನ್ ಕಾಂಟಿನೆಂಟಲ್ ಕನ್ವರ್ಟಿಬಲ್, ಅಂದರೆ ಟಾಪ್ (ಮೇಲಿನ ಛಾವಣಿ) ಮಡಚಿ ತೆರೆಯಬಹುದಾದ ಕಾರು. ನಾಲ್ಕು ಬಾಗಿಲು, ಅದರಲ್ಲಿ ಹಿಂದಿನವೆರಡು ಉಲ್ಟಾ ತೆರೆಯುತ್ತವೆ. ಬಾನೆಟ್ ಕೆಳಗೆ 7 ಲೀಟರಿನ ವಿ8. ಮಿಶಿಗನ್‌ನ ವಿಕ್ಸಮ್ ಕಾರ್ಖಾನೆಯಲ್ಲಿ ಆದದ್ದು, ನಾನಿರುವುದೂ ಅದೇ ಕಡೆ. ಫೋರ್ಡ್‌ನ ಡಿಸೈನರ್ ಎಲ್ವುಡ್ ಎಂಗಲ್ ಈ ಆಕಾರ ಬಿಡಿಸಿದ್ದು ಫೋರ್ಡ್‌ನದೇ ಇನ್ನೊಂದು ಕಾರು ಥಂಡರ್‌ಬರ್ಡ್‌ಗೆ ಅಂತ. ಫೋರ್ಡ್‌ನ ದೊಡ್ಡ ಅಧಿಕಾರಿ ಮೆಕ್‌ನಮಾರಾ ನೋಡಿ, ಇದನ್ನು ಲಿಂಕನ್ ಮಾಡಿ ಅಂದರು. ಒಳ್ಳೆಯದೇ ಆಯಿತು ಬಿಡಿ.

ಎಂಜಿನ್ ನನ್ನನ್ನು ಅಷ್ಟೇನೂ ಕಾಡಿಲ್ಲ. ಕಾಡಿದ್ದು ಟಾಪ್. ಸ್ವಿಚ್ ಒತ್ತಿದರೆ ಡಿಕ್ಕಿಯ ಲಾಕ್ ಬಿಚ್ಚಿ, ಇಡೀ ಮುಚ್ಚಳ ಹಿಂದಕ್ಕೆ ಎದ್ದು ನಿಂತು, ಮುಂದಿನ ಗಾಜಿನ ಮೇಲಿನ ಲಾಕ್ ಬಿಟ್ಟು, ಟಾಪ್ ಮಡಚಿಕೊಂಡು ಡಿಕ್ಕಿಯೊಳಗೆ ಮಲಗಿ, ಮತ್ತೆ ಮುಚ್ಚಳ ಮುಚ್ಚಿ ಲಾಕ್ ಆಗಬೇಕು. ಲಾಕ್‌ಗಳಿಗೆ ಮೋಟರ್, ಎತ್ತಿ ಇಳಿಸಲು ಹೈಡ್ರಾಲಿಕ್ ಪಂಪ್. ಇವೆಲ್ಲ ಸರತಿಯಲ್ಲಿ ನಡೆಯಲು ಒಂದಷ್ಟು ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್), ಒಂದಷ್ಟು ಲಿಮಿಟ್ ಸ್ವಿಚ್ (ಭಾಗ ಕೊನೆ ಮುಟ್ಟಿದಾಗ ಒತ್ತಿಕೊಳ್ಳುವ ಸ್ವಿಚ್). ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಒಂದು ಕೆಲಸ ಮುಗಿಯಿತು ಅಂತ ಲಿಮಿಟ್ ಸ್ವಿಚ್ ಹೇಳದಿದ್ದರೆ ಮುಂದಿನದು ಸಿಗ್ನಲ್ ಸಿಗದ ರೈಲಿನ ಹಾಗೆ ಅಲ್ಲೇ ನಿಂತುಬಿಡುತ್ತದೆ.

ನನ್ನದರಲ್ಲಿ ಡಿಕ್ಕಿ ಮುಚ್ಚಳ ಪೂರ್ತಿ ಎದ್ದು ನಿಲ್ಲುತ್ತಿತ್ತು, ಟಾಪ್ ಮಾತ್ರ ಅಲುಗಾಡುತ್ತಿರಲಿಲ್ಲ. ತೋರಿಸಿದ ಕಡೆ "ಪಂಪ್ ಹೋಗಿದೆ, ರಿಲೇ ಎಲ್ಲಾ ಬದಲಾಯಿಸಿ" ಅಂದರು. ಅಲ್ಲ ಸ್ವಾಮಿ, ಮುಚ್ಚಳ ಎತ್ತಲು ಬರುವ ಕರೆಂಟು ಟಾಪ್ ಹತ್ರ ಯಾಕೆ ಬರುತ್ತಿಲ್ಲ ಅಂತ ನೋಡಬೇಡವಾ?

ಮೊದಲು ಬ್ಯಾಟರಿಗೆ ಚಾರ್ಜರ್ ಹಾಕಿದೆ. ಈ ಮೋಟರ್‌ಗಳು ಕರೆಂಟು ಜಾಸ್ತಿ ಎಳೆಯುತ್ತವೆ, ಬ್ಯಾಟರಿ ಸ್ವಲ್ಪ ಸೋತರೂ ರಿಲೇ ಸುಮ್ನೆ ಟಕಟಕ ಅನ್ನುತ್ತದೆ, ನಾವು ರಿಲೇಯನ್ನೇ ಬೈಯುತ್ತೇವೆ. ಆಮೇಲೆ ಮುಚ್ಚಳಕ್ಕೆ ದಪ್ಪ ಮರದ ತುಂಡು ಆನಿಸಿದೆ. ಇದನ್ನು ತಪ್ಪಿಸಲೇಬೇಡಿ. ಕೈ ಒಳಗಿರುವಾಗ ಎಲ್ಲೋ ಸಂಪರ್ಕ ಸಿಕ್ಕಿ ಆ ತಗಡು ಕೆಳಗೆ ಬಂದರೆ ಬೆರಳು ಉಳಿಯುವುದಿಲ್ಲ.

ವೈರಿಂಗ್ ಡಯಾಗ್ರಾಮ್ ಪಕ್ಕಕ್ಕಿಟ್ಟುಕೊಂಡು ಟೆಸ್ಟ್ ಲ್ಯಾಂಪ್ (ಕರೆಂಟು ಇದ್ದರೆ ಉರಿಯುವ ಪುಟ್ಟ ದೀಪ) ಹಿಡಿದು ಕರೆಂಟಿನ ದಾರಿಯಲ್ಲೇ ಹಿಂದಕ್ಕೆ ಹೋದೆ. ಮುಚ್ಚಳ ಪೂರ್ತಿ ತೆರೆದಿದೆ ಅಂತ ಹೇಳಬೇಕಾದ ಸ್ವಿಚ್ಚಿಗೆ ಕರೆಂಟು ಬರುತ್ತಿತ್ತು, ಆಚೆ ಹೋಗುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಹಳೇ ಗ್ರೀಸ್ ಕಂದು ಬಣ್ಣಕ್ಕೆ ತಿರುಗಿ ಮೇಣದ ಥರ ಗಟ್ಟಿಯಾಗಿತ್ತು. ಒಳಗಿನ ಪುಟ್ಟ ಕಡ್ಡಿ ಒತ್ತಿದರೂ ಪೂರ್ತಿ ಹೋಗದೆ ಅರ್ಧಕ್ಕೇ ನಿಲ್ಲುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿದೆ. ಅರ್ತ್ ತಂತಿ ಕಾರಿನ ತಗಡಿಗೆ ಕೂರುವ ಜಾಗದ ತುಕ್ಕನ್ನೂ ಸ್ಯಾಂಡ್‌ಪೇಪರ್‌ನಲ್ಲಿ ತೆಗೆದೆ. ಸ್ವಿಚ್ಚನ್ನು ಮತ್ತೆ ಕೂರಿಸುವಾಗ ಮುಚ್ಚಳ ಎದ್ದು ನಿಂತ ಕಡೆ ಕಡ್ಡಿ ಸರಿಯಾಗಿ ಒತ್ತಿಕೊಳ್ಳುತ್ತಾ ಅಂತ ಟಾರ್ಚ್ ಬಿಟ್ಟು ನೋಡಿ ಸ್ಕ್ರೂ ಬಿಗಿ ಮಾಡಿದೆ, ಯಾಕೆಂದರೆ ಇಲ್ಲಿ ಕೂದಲೆಳೆಯಷ್ಟು ಆಚೆ ಈಚೆ ಆದರೂ ಕಥೆ ಮತ್ತೆ ಅದೇ.

ಮರದ ತುಂಡು ತೆಗೆದು ಸ್ವಿಚ್ ಒತ್ತಿದೆ. ಮುಂದಿನ ಗಾಜಿನ ಮೇಲೆ ಲಾಕ್ ಮೋಟರ್ ಗುಂಯ್ ಅಂದಿತು, ಟಾಪ್ ಎದ್ದಿತು. ಪಂಪೂ ಹಳೇದೇ, ರಿಲೇಗಳೂ ಹಳೇವೇ. ಈಗ ಹಿಂದಿನ ಬಾಗಿಲಿನ ಗಾಜು ಉಳಿದಿದೆ. ಬಾಗಿಲು ತೆರೆದಾಗ ಅದು ತಾನಾಗಿ ಸ್ವಲ್ಪ ಕೆಳಗಿಳಿಯಬೇಕು, ಎಡಗಡೆಯದು ಇಳಿಯುತ್ತಿಲ್ಲ. ಅದಕ್ಕೂ ಟೆಸ್ಟ್ ಲ್ಯಾಂಪಿನಿಂದಲೇ ಶುರು ಮಾಡುತ್ತೇನೆ.