ಅಸೆಂಬ್ಲಿ ಕಲಿಯಲು ಒಂದು ಚಿಪ್, ಒಂದು ಎಲ್‌ಇಡಿ, ಒಂದು ನೋಟ್‌ಬುಕ್

ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾನೋ ಎಂಜಿನಿಯರಿಂಗೋ ಓದಿದವರಿಗೆ 8051 ಅನ್ನುವ ಮೈಕ್ರೊಕಂಟ್ರೋಲರ್ (ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್) ಹೆಸರು ಹೊಸದಲ್ಲ. ಲ್ಯಾಬ್ ರೆಕಾರ್ಡ್ ಬರೆದು, ವೈವಾ ಮುಗಿಸಿ, ಆಮೇಲೆ ಪೂರ್ತಿ ಮರೆತವರೇ ಜಾಸ್ತಿ. ಅಸೆಂಬ್ಲಿ, ಅಂದರೆ ಚಿಪ್‌ಗೆ ಒಂದೊಂದೇ ಆಜ್ಞೆ ಕೊಡುವ ಭಾಷೆ, ಅಷ್ಟು ಕಷ್ಟ ಅಂತಲ್ಲ. ಪ್ರೋಗ್ರಾಂ ಟೈಪ್ ಮಾಡಿ ಒಮ್ಮೆಲೇ ಓಡಿಸಿಬಿಡುತ್ತೇವೆ. ಒಂದೊಂದು ಸಾಲಿಗೂ ಚಿಪ್ ಒಳಗೆ ಏನು ಬದಲಾಯಿತು ಅಂತ ನೋಡುವುದೇ ಇಲ್ಲ. ಕಲಿಕೆ ಇರುವುದು ಆ ನೋಡುವುದರಲ್ಲೇ.

ಮೊದಲ ಸಲ ಕಲಿಯುವವರಿಗೂ 8051 ಕುಟುಂಬದ ಚಿಪ್ಪೇ ಸರಿ ಅನ್ನುತ್ತೇನೆ. ಇಂಟೆಲ್ ಕಂಪನಿ ಇದನ್ನು ತಂದಿದ್ದು 1980ರಲ್ಲಿ. ಹಳೆಯದು ಅಂತ ಮೂಗು ಮುರಿಯಬೇಡಿ. ಒಟ್ಟು 111 ಇನ್‌ಸ್ಟ್ರಕ್ಷನ್‌ಗಳಿವೆ, ಶುರುವಿಗೆ ಹದಿನೈದು ಸಾಕು. ಚಿಪ್ ಪೂರ್ತಿ ನಿಮ್ಮ ತಲೆಯಲ್ಲಿ ಹಿಡಿಸುತ್ತದೆ. ಈಗಿನ ದೊಡ್ಡ ಚಿಪ್‌ಗಳ ಬಗ್ಗೆ ಹಾಗೆ ಹೇಳಲಾಗದು.

ಹಂತ 1: ದುಡ್ಡು ಖರ್ಚು ಮಾಡುವ ಮೊದಲು

ಎಡ್‌ಸಿಮ್51 ಅನ್ನುವ ಉಚಿತ ಸಿಮ್ಯುಲೇಟರ್ ಇದೆ, ಅಂದರೆ ಪರದೆಯ ಮೇಲೆ ಚಿಪ್‌ನಂತೆಯೇ ನಡೆದುಕೊಳ್ಳುವ ತಂತ್ರಾಂಶ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಜಾವಾ ಇದ್ದರೆ ಆಯಿತು. ಅದರಲ್ಲಿ ಮೂರೇ ಸಾಲು ಬರೆಯಿರಿ. ಮೂವ್ ಇನ್‌ಸ್ಟ್ರಕ್ಷನ್‌ನಿಂದ ಎ ರಿಜಿಸ್ಟರ್‌ಗೆ (ಚಿಪ್ ಒಳಗೆ ಒಂದು ಸಂಖ್ಯೆ ಇಡುವ ಜಾಗ) 200 ಹಾಕಿ. ಆ್ಯಡ್‌ನಿಂದ 100 ಕೂಡಿಸಿ. ಮೂರನೇ ಸಾಲಿನಲ್ಲಿ ಪ್ರೋಗ್ರಾಂ ತನ್ನಲ್ಲೇ ಸುತ್ತುವಂತೆ ಎಸ್‌ಜೆಂಪ್ ಕೊಡಿ.

ಈಗ ರನ್ ಒತ್ತಬೇಡಿ, ಸ್ಟೆಪ್ ಒತ್ತಿ. ಒತ್ತುವ ಮೊದಲು ಎ ಒಳಗೆ ಏನು ಬರುತ್ತದೆ ಅಂತ ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. 300 ಅಂತ ಬರೆದಿದ್ದರೆ ತಪ್ಪು. ಎ ಎಂಟೇ ಬಿಟ್‌ನದು, 255ಕ್ಕಿಂತ ದೊಡ್ಡದು ಅದರಲ್ಲಿ ಹಿಡಿಸುವುದಿಲ್ಲ. 256 ಕಳೆದು ಉಳಿದ 44 ಅಲ್ಲಿ ಕೂರುತ್ತದೆ. ಪರದೆಯ ಮೇಲೆ ಅದು ಹೆಕ್ಸ್‌ನಲ್ಲಿ (0–9 ಮತ್ತು ಎ–ಎಫ್ ಬಳಸುವ ಹದಿನಾರರ ಎಣಿಕೆ) 2ಸಿ ಅಂತ ಕಾಣುತ್ತದೆ. ಹೊರಗೆ ಬಿದ್ದ 1, ಕ್ಯಾರಿ ಅನ್ನುವ ಬೇರೆ ಬಿಟ್‌ಗೆ ಹೋಗುತ್ತದೆ. ಇದನ್ನು ಕಣ್ಣಾರೆ ನೋಡಿದವರಿಗೆ ಕ್ಯಾರಿ ಯಾಕಿದೆ ಅಂತ ಬೇರೆ ಪಾಠ ಬೇಕಾಗುವುದಿಲ್ಲ.

ಹಂತ 2: # ಚಿಹ್ನೆಯ ಕಾಟ

ಹೊಸಬರ ಪ್ರೋಗ್ರಾಂ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಸಂಖ್ಯೆಯ ಮುಂದೆ # ಇದ್ದರೆ ಆ ಸಂಖ್ಯೆಯನ್ನೇ ತೆಗೆದುಕೋ ಅಂತ ಅರ್ಥ. # ಇಲ್ಲದಿದ್ದರೆ, ಆ ನಂಬರಿನ ಮೆಮೊರಿ ವಿಳಾಸದಲ್ಲಿ ಏನಿದೆಯೋ ಅದನ್ನು ತೆಗೆದುಕೋ ಅಂತ. ಎರಡೂ ಸರಿಯಾದ ಸಾಲುಗಳೇ, ಹಾಗಾಗಿ ಅಸೆಂಬ್ಲರ್ (ನಮ್ಮ ಸಾಲುಗಳನ್ನು ಚಿಪ್‌ನ ಭಾಷೆಗೆ ತಿರುಗಿಸುವ ತಂತ್ರಾಂಶ) ಬಯ್ಯುವುದಿಲ್ಲ. ಪ್ರೋಗ್ರಾಂ ಓಡುತ್ತದೆ, ಉತ್ತರ ಮಾತ್ರ ಎಲ್ಲಿಂದಲೋ ಬರುತ್ತದೆ.

ಇನ್ನೊಂದು ಚಿಕ್ಕ ವಿಷಯ. ಹೆಕ್ಸ್ ಸಂಖ್ಯೆ ಎ ಇಂದ ಎಫ್ ವರೆಗಿನ ಅಕ್ಷರದಿಂದ ಶುರುವಾದರೆ ಮುಂದೆ ಒಂದು ಸೊನ್ನೆ ಹಾಕಬೇಕು. ಇಲ್ಲದಿದ್ದರೆ ಅಸೆಂಬ್ಲರ್ ಅದನ್ನು ಯಾವುದೋ ಹೆಸರು ಅಂದುಕೊಳ್ಳುತ್ತದೆ.

ಹಂತ 3: ಸಾಮಾನು

ಕೂಡಿಸುವುದು, ಕಳೆಯುವುದು, ಲೂಪ್ ಇಷ್ಟು ಸಿಮ್ಯುಲೇಟರ್‌ನಲ್ಲಿ ಕೈಗೆ ಕೂತ ಮೇಲೆ ಚಿಪ್ ತನ್ನಿ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಇಲ್ಲಿಂದ ಸುಮಾರು 70 ಕಿ.ಮೀ., ದಿನಾ ರೈಲಿನಲ್ಲಿ ಓಡಾಡುವ ಗೆಳೆಯರಿದ್ದರೆ ಚೀಟಿ ಬರೆದುಕೊಡಿ. ಚೀಟಿಯಲ್ಲಿ ಎಟಿ89ಎಸ್52 ಅಂತ ಸ್ಪಷ್ಟವಾಗಿರಲಿ. ನಡುವಿನ ಎಸ್ ಅಕ್ಷರ ಮುಖ್ಯ. ಅದಿದ್ದರೆ ಚಿಪ್ಪನ್ನು ಬ್ರೆಡ್‌ಬೋರ್ಡ್‌ನಿಂದ (ಬೆಸುಗೆ ಇಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ) ಕೀಳದೆ ನಾಲ್ಕಾರು ವೈರ್‌ಗಳಲ್ಲೇ ಪ್ರೋಗ್ರಾಂ ತುಂಬಬಹುದು. ಸಿ ಇರುವ ಎಟಿ89ಸಿ51 ತಂದರೆ ಅದಕ್ಕೆ ಬೇರೆ ದೊಡ್ಡ ಪ್ರೋಗ್ರಾಮರ್ (ಚಿಪ್‌ಗೆ ಪ್ರೋಗ್ರಾಂ ತುಂಬುವ ಸಾಧನ) ಬೇಕು. 89ಎಸ್52ರಲ್ಲಿ ಪ್ರೋಗ್ರಾಂಗೆ 8 ಕಿಲೊಬೈಟ್, ರ‍್ಯಾಮ್ 256 ಬೈಟ್. ಕಡಿಮೆ ಅನಿಸುತ್ತದೆ ಅಲ್ವಾ? ಈ ಕೆಲಸಕ್ಕೆ ಧಾರಾಳ.

ಜೊತೆಗೆ 12 ಮೆಗಾಹರ್ಟ್ಸ್ ಕ್ರಿಸ್ಟಲ್, 33 ಪಿಕೋಫ್ಯಾರಡ್ ಕೆಪಾಸಿಟರ್ ಎರಡು, ರೀಸೆಟ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 10 ಕೆ ರೆಸಿಸ್ಟರ್, ಎಲ್‌ಇಡಿ, 1 ಕೆ ರೆಸಿಸ್ಟರ್, ಬ್ರೆಡ್‌ಬೋರ್ಡ್, ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್. 5 ವೋಲ್ಟ್‌ಗೆ ಮನೆಯಲ್ಲಿರುವ ಹಳೆಯ ಫೋನ್ ಚಾರ್ಜರ್ ನಡೆಯುತ್ತದೆ.

ಹಂತ 4: ವೈರಿಂಗ್

40ನೇ ಪಿನ್‌ಗೆ 5 ವೋಲ್ಟ್, 20ಕ್ಕೆ ಗ್ರೌಂಡ್. 18 ಮತ್ತು 19ರ ನಡುವೆ ಕ್ರಿಸ್ಟಲ್, ಆ ಎರಡರಿಂದಲೂ ಗ್ರೌಂಡ್‌ಗೆ ಒಂದೊಂದು 33 ಪಿಕೋ. 9ನೇ ಪಿನ್ ರೀಸೆಟ್: ಅದರಿಂದ 5 ವೋಲ್ಟ್‌ಗೆ ಕೆಪಾಸಿಟರ್, ಗ್ರೌಂಡ್‌ಗೆ ರೆಸಿಸ್ಟರ್. 31ನೇ ಪಿನ್ ಅನ್ನು 5 ವೋಲ್ಟ್‌ಗೆ ಕಟ್ಟಲೇಬೇಕು. ಇದನ್ನು ಸುಮ್ನೆ ಬಿಟ್ಟರೆ ಚಿಪ್ ತನ್ನೊಳಗಿನ ಪ್ರೋಗ್ರಾಂ ಬಿಟ್ಟು ಹೊರಗಿನ ಮೆಮೊರಿ ಹುಡುಕಲು ಹೋಗಬಹುದು.

ಎಲ್‌ಇಡಿಯನ್ನು ಪಿನ್‌ನಿಂದ ಗ್ರೌಂಡ್‌ಗೆ ಹಾಕಬೇಡಿ. ಈ ಚಿಪ್‌ನ ಪಿನ್‌ಗಳಿಗೆ ಕರೆಂಟ್ ಕೊಡುವ ಶಕ್ತಿ ತೀರಾ ಕಮ್ಮಿ, ಎಳೆದುಕೊಳ್ಳುವ ಶಕ್ತಿ ಚೆನ್ನಾಗಿದೆ. ಆದ್ದರಿಂದ 5 ವೋಲ್ಟ್‌ನಿಂದ 1 ಕೆ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿ, ಅದರಿಂದ 1ನೇ ಪಿನ್. ಪ್ರೋಗ್ರಾಂನಲ್ಲಿ ಆ ಪಿನ್‌ನ ಹೆಸರು ಪಿ1.0. ಪಿನ್ ಸೊನ್ನೆಯಾದಾಗ ದೀಪ ಹತ್ತುತ್ತದೆ, ಒಂದಾದಾಗ ಆರುತ್ತದೆ. ಸುಮಾರು 3 ಮಿಲಿಆ್ಯಂಪ್ ಹರಿಯುತ್ತದೆ. ಒಂದು ಪಿನ್‌ಗೆ 10 ಮಿಲಿಆ್ಯಂಪ್ ಮಿತಿ, ಹಾಗಾಗಿ ಭಯವಿಲ್ಲ.

ಹಂತ 5: ಅರ್ಧ ಸೆಕೆಂಡ್ ಎಣಿಸುವುದು

ದೀಪ ಮಿನುಗಿಸಲು ಸಿಪಿಎಲ್ ಇನ್‌ಸ್ಟ್ರಕ್ಷನ್ ಪಿನ್ ಅನ್ನು ತಿರುಗಿಸುತ್ತದೆ: ಒಂದಿದ್ದರೆ ಸೊನ್ನೆ, ಸೊನ್ನೆಯಿದ್ದರೆ ಒಂದು. ನಡುವೆ ಕಾಯಬೇಕು. ಅಸೆಂಬ್ಲಿಯಲ್ಲಿ ರೆಡಿಮೇಡ್ ಡಿಲೇ ಇಲ್ಲ, ನಾವೇ ಎಣಿಸಬೇಕು. ನನ್ನ ಮಟ್ಟಿಗೆ ಇಡೀ ಕಲಿಕೆಯಲ್ಲಿ ಇದೇ ರುಚಿಯಾದ ಭಾಗ.

ಈ ಚಿಪ್ 12 ಕ್ಲಾಕ್‌ಗೆ, ಅಂದರೆ ಕ್ರಿಸ್ಟಲ್‌ನ 12 ಮಿಡಿತಕ್ಕೆ, ಒಂದು ಮೆಷಿನ್ ಸೈಕಲ್ ಮುಗಿಸುತ್ತದೆ. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ ಒಂದು ಸೈಕಲ್ ಅಂದರೆ ಸರಿಯಾಗಿ 1 ಮೈಕ್ರೊಸೆಕೆಂಡ್. ರಿಜಿಸ್ಟರ್‌ನಿಂದ ಒಂದು ಕಳೆದು, ಸೊನ್ನೆಯಾಗದಿದ್ದರೆ ಹಿಂದಕ್ಕೆ ಹಾರುವ ಡಿಜೆಎನ್‌ಝಡ್‌ಗೆ 2 ಸೈಕಲ್ ಬೇಕು. ಆರ್6ರಲ್ಲಿ 250 ಇಟ್ಟು ಸುತ್ತಿಸಿದರೆ 500 ಮೈಕ್ರೊಸೆಕೆಂಡ್. ಇದರ ಹೊರಗೆ ಆರ್7ರಲ್ಲಿ 200 ಸುತ್ತು. ಅದರ ಹೊರಗೆ ಆರ್5ರಲ್ಲಿ 5 ಸುತ್ತು. 500, 200, 5 ಗುಣಿಸಿದರೆ 5 ಲಕ್ಷ ಮೈಕ್ರೊಸೆಕೆಂಡ್, ಅಂದರೆ ಅರ್ಧ ಸೆಕೆಂಡ್.

ನಿಜವಾಗಿ ಅದು ಸುಮಾರು 503 ಮಿಲಿಸೆಕೆಂಡ್ ಆಗುತ್ತದೆ. 3 ಎಲ್ಲಿಂದ ಬಂತು? ನಡುವಿನ ಸುತ್ತು ಪ್ರತಿ ಸಲ ಆರ್6ಗೆ 250 ಮತ್ತೆ ತುಂಬಲು 1 ಸೈಕಲ್, ತನ್ನ ಡಿಜೆಎನ್‌ಝಡ್‌ಗೆ 2 ಸೈಕಲ್ ತಿನ್ನುತ್ತದೆ. ಮೂರು ಸೈಕಲ್, ಸಾವಿರ ಸಲ. ಪೆನ್ಸಿಲ್‌ನಲ್ಲಿ ಈ ಲೆಕ್ಕ ಕೂಡಿಸಿ ನೋಡಿ. ಸಿ ಭಾಷೆಯಲ್ಲಿ ಬರೆದಿದ್ದರೆ ಈ 3 ಮಿಲಿಸೆಕೆಂಡ್ ಇದೆ ಅಂತಲೂ ನಮಗೆ ಗೊತ್ತಾಗುತ್ತಿರಲಿಲ್ಲ.

ಈ ಲೂಪ್ ಅನ್ನು ಒಂದು ಸಬ್‌ರೂಟೀನ್ (ಬೇಕಾದಾಗ ಕರೆಯಬಹುದಾದ ತುಣುಕು) ಮಾಡಿ, ಕರೆದ ಕಡೆಗೆ ಹಿಂದಿರುಗಲು ಕೊನೆಗೆ ರೆಟ್ ಹಾಕಿ. ಸಿಮ್ಯುಲೇಟರ್‌ನಲ್ಲಿ ಇದು ತುಂಬಾ ನಿಧಾನ, ಅಲ್ಲಿ ಪರೀಕ್ಷಿಸುವಾಗ ಸಂಖ್ಯೆಗಳನ್ನು 2, 3ಕ್ಕೆ ಇಳಿಸಿಕೊಳ್ಳಿ.

ಆಮೇಲೆ ಚಿಪ್‌ನೊಳಗೇ ಇರುವ ಟೈಮರ್‌ಗೆ ಹೋಗಿ. ಅದು ಸೈಕಲ್‌ಗೆ ಒಂದರಂತೆ ತಾನೇ ಎಣಿಸುತ್ತಾ 65536ಕ್ಕೆ ತುಂಬಿ ಚೆಲ್ಲುತ್ತದೆ. 50 ಮಿಲಿಸೆಕೆಂಡ್ ಬೇಕಾದರೆ 15536ರಿಂದ ಶುರು ಮಾಡಿಸಬೇಕು. ಹೆಕ್ಸ್‌ನಲ್ಲಿ ಅದು 3ಸಿಬಿ0: 3ಸಿ ಟೈಮರ್‌ನ ಮೇಲಿನ ಅರ್ಧವಾದ ಟಿಎಚ್0ಗೆ, ಬಿ0 ಕೆಳಗಿನ ಅರ್ಧವಾದ ಟಿಎಲ್0ಗೆ.

ಹಂತ 6: ಸಂಪಿನ ಅಲಾರಂ

ಬುಗುಡನಹಳ್ಳಿ ಕೆರೆಯ ನೀರು ನಲ್ಲಿಯಲ್ಲಿ ಬಂದಾಗ ಸಂಪು ತುಂಬಿ ರಸ್ತೆಗೆ ಹರಿಯುವ ಮನೆಗಳು ಊರಲ್ಲಿ ಬೇಕಾದಷ್ಟಿವೆ. ಮೊದಲ ಪ್ರಾಜೆಕ್ಟ್ ಇದೇ ಆಗಲಿ. ನೀರಿಗೆ ಬರೀ ತಾಮ್ರದ ತಂತಿ ಇಳಿಬಿಟ್ಟರೆ ಡಿಸಿ ಕರೆಂಟ್‌ಗೆ ಅದು ಬೇಗ ತಿಂದುಹೋಗುತ್ತದೆ, ನೀರು ಮೇಲೇರಿದಾಗ ತೇಲಿ ಮುಚ್ಚಿಕೊಳ್ಳುವ ಫ್ಲೋಟ್ ಸ್ವಿಚ್ ವಾಸಿ. ಸ್ವಿಚ್‌ನ ಒಂದು ತುದಿ ಪಿ1.1ಕ್ಕೆ, ಇನ್ನೊಂದು ಗ್ರೌಂಡ್‌ಗೆ. ಓದುವ ಮೊದಲು ಆ ಪಿನ್‌ಗೆ ಸೆಟ್‌ಬಿ ಕೊಟ್ಟು ಒಂದು ಬರೆಯಬೇಕು, ಇಲ್ಲದಿದ್ದರೆ ಅದು ಸದಾ ಸೊನ್ನೆ ತೋರಿಸಬಹುದು.

ಬಜರ್ 5 ವೋಲ್ಟ್‌ನದೇ ತನ್ನಿ, ಬಿಸಿ557 ಟ್ರಾನ್ಸಿಸ್ಟರ್ ಮೂಲಕ ಕೊಡಿ. ಎಮಿಟರ್ 5 ವೋಲ್ಟ್‌ಗೆ, ಕಲೆಕ್ಟರ್‌ನಿಂದ ಬಜರ್ ಮೂಲಕ ಗ್ರೌಂಡ್‌ಗೆ, ಬೇಸ್ 4.7 ಕೆ ರೆಸಿಸ್ಟರ್ ಮೂಲಕ ಪಿ1.2ಕ್ಕೆ. ಪಿನ್ ಸೊನ್ನೆಯಾದರೆ ಕೂಗುತ್ತದೆ. ರೀಸೆಟ್ ಆದಾಗ ಪಿನ್‌ಗಳೆಲ್ಲ ಒಂದಾಗಿರುತ್ತವೆ, ಹಾಗಾಗಿ ಕರೆಂಟ್ ಹೋಗಿ ಬಂದಾಗ ನಡುರಾತ್ರಿ ಸುಮ್ಮನೆ ಕಿರುಚುವುದಿಲ್ಲ. ಮೋಟಾರ್ ಸ್ಟಾರ್ಟರ್‌ಗೆ ಮಾತ್ರ ಇದನ್ನು ಜೋಡಿಸಲು ಹೋಗಬೇಡಿ, ಅದು ಎಲೆಕ್ಟ್ರಿಷಿಯನ್ ಕೆಲಸ.

ನೀರು ಬೀಳುವ ಅಲೆಗೆ ಫ್ಲೋಟ್ ಕುಣಿಯುತ್ತದೆ, ಸ್ವಿಚ್ ಹತ್ತಿ ಆರುತ್ತಲೇ ಇರುತ್ತದೆ. ಸ್ವಿಚ್ ಸೊನ್ನೆ ತೋರಿಸಿದ ಕೂಡಲೇ ಬಜರ್ ಹೊಡೆಯಬೇಡಿ. ಐದನೇ ಹಂತದ ಡಿಲೇ ಸಬ್‌ರೂಟೀನ್ ಅನ್ನು ಎರಡು ಸಲ ಕರೆದು, ಮತ್ತೊಮ್ಮೆ ಓದಿ, ಆಗಲೂ ಸೊನ್ನೆಯೇ ಇದ್ದರೆ ಕೂಗಿಸಿ.